ಅಮ್ಮನ ಎಲುಬು ಸವೆತಕ್ಕೆ ವರ್ಷದ ಡ್ರಿಪ್ಪಾ, ಆರು ತಿಂಗಳ ಇಂಜೆಕ್ಷನ್ನಾ? ಅನುಭವ ಇದ್ದವರು ಹೇಳಿ

ಅಂಬಲಪಾಡಿ ಮಗಳು:
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 66. ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿಯಿತು. ಆಮೇಲೆ ಡೆಕ್ಸಾ (ಎಲುಬಿನ ಸಾಂದ್ರತೆ ಅಳೆಯುವ ಸ್ಕ್ಯಾನ್) ಮಾಡಿಸಿದೆವು. ಬೆನ್ನೆಲುಬಿನಲ್ಲಿ ಟಿ-ಸ್ಕೋರ್ (ಹರೆಯದವರ ಎಲುಬಿಗೆ ಹೋಲಿಸಿದ ಅಂಕ, ಮೈನಸ್ ಹೆಚ್ಚಿದಷ್ಟೂ ಎಲುಬು ತೆಳು) ಮೈನಸ್ 2.9, ಸೊಂಟದಲ್ಲಿ ಮೈನಸ್ 2.3. ಡಾಕ್ಟ್ರು ಎರಡು ದಾರಿ ಹೇಳಿದ್ದಾರೆ. ವರ್ಷಕ್ಕೊಮ್ಮೆ ಜೋಲೆಡ್ರಾನಿಕ್ ಆಸಿಡ್ ಡ್ರಿಪ್, ಇಲ್ಲವಾದರೆ ಆರು ತಿಂಗಳಿಗೊಮ್ಮೆ ಡೆನೊಸುಮಾಬ್ ಇಂಜೆಕ್ಷನ್. ಅಮ್ಮನಿಗೆ ಸ್ವಲ್ಪ ಶುಗರ್ ಉಂಟು, ಕಿಡ್ನಿ ಸರಿ ಇದೆ ಅಂತ ಹೇಳಿದ್ದಾರೆ. ಎರಡು ದವಡೆ ಹಲ್ಲು ಹಾಳಾಗಿವೆ, ಕೀಳಿಸಬೇಕು. ನಾನು ದುಬೈಯಲ್ಲಿದ್ದೇನೆ, ಊರಲ್ಲಿ ಅಮ್ಮ ಒಬ್ಬರೇ. ಯಾವುದು ಒಳ್ಳೆಯದು?

ಕದ್ರಿ ರಿಟೈರ್ಡ್:
ಎರಡೂ ಬೇಡ ಮಾರಾಯ್ರೆ. ಮಾತ್ರೆ ಇರುವಾಗ ಸೂಜಿ ಯಾಕೆ? ನನ್ನ ಹೆಂಡತಿಗೆ ವಾರಕ್ಕೊಂದು ಅಲೆಂಡ್ರೊನೇಟ್ 70 ಮಿಲಿಗ್ರಾಂ, ಐದು ವರ್ಷ ಕೊಟ್ಟಿದ್ದೇನೆ. ನಾನು ಬ್ಯಾಂಕಿನಲ್ಲಿದ್ದವನು, ಎಲ್ಲದಕ್ಕೂ ಲೆಕ್ಕ ಬರೆದಿಟ್ಟಿದ್ದೇನೆ. ನಾಲ್ಕು ಮಾತ್ರೆಯ ಪಟ್ಟಿಗೆ ಮೊದಲು 236 ರೂಪಾಯಿ ಕೊಡುತ್ತಿದ್ದೆ. ಅದೇ ಮದ್ದು ಬೇರೆ ಕಂಪೆನಿಯದ್ದು 110ಕ್ಕೆ ಸಿಕ್ಕಿತು. ಐದು ವರ್ಷಕ್ಕೆ ಮಾತ್ರೆಯ ಖರ್ಚು ಒಟ್ಟು 8,158. ಅದರ ಜೊತೆಗೆ ನುಂಗುವ ಕ್ಯಾಲ್ಸಿಯಂಗೆ 19,162! ಊಟಕ್ಕಿಂತ ಉಪ್ಪಿನಕಾಯಿಗೆ ಜಾಸ್ತಿ ಅನ್ನುವ ಹಾಗೆ.

ತೊಂದರೆ ಇರುವುದು ಮದ್ದಿನಲ್ಲಲ್ಲ, ಶಿಸ್ತಿನಲ್ಲಿ. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ದೊಡ್ಡ ಲೋಟ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗುವ ಹಾಗಿಲ್ಲ, ಬೇರೇನೂ ಬಾಯಿಗೆ ಹಾಕುವ ಹಾಗಿಲ್ಲ. ಈ ಮಾತ್ರೆ ನುಂಗಿದ್ದರಲ್ಲಿ ನೂರಕ್ಕೆ ಒಂದು ಪಾಲು ಕೂಡ ರಕ್ತಕ್ಕೆ ಸೇರುವುದಿಲ್ಲ. ಕಾಫಿ ಜೊತೆ ಹೋದರೆ ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ನಷ್ಟ. ಇಷ್ಟು ಹೇಳಿದರೂ ಇವಳು "ಒಂದು ಗುಟುಕು ಕಾಫಿಯಿಂದ ಎಂತ ಆಗ್ತದೆ" ಅಂತ ಕದ್ದು ಕುಡಿಯುತ್ತಿದ್ದಳು. ಒಮ್ಮೆ ನುಂಗಿದವಳು ಹಾಗೇ ಮಲಗಿದಳು. ಎದೆಯುರಿ, ಎಂಡೋಸ್ಕೋಪಿ, 4,200 ರೂಪಾಯಿ. ಅದಕ್ಕೆ ಮಾತ್ರೆಯನ್ನು ದೂರುವವರಿದ್ದಾರೆ. ನಾನು ದೂರುವುದಿಲ್ಲ.

ಐದು ವರ್ಷ ಆದ ಮೇಲೆ ಡಾಕ್ಟ್ರು ಮದ್ದಿಗೆ ರಜೆ ಕೊಟ್ಟರು. ಈ ಮದ್ದು ಎಲುಬಿನೊಳಗೇ ಕೂತಿರುತ್ತದೆ, ನಿಲ್ಲಿಸಿದ ಮೇಲೂ ಕೆಲವು ಸಮಯ ಕೆಲಸ ಮಾಡುತ್ತದೆ. ಮೈನಸ್ 2.7 ಇದ್ದದ್ದು ಮೈನಸ್ 2.3ಕ್ಕೆ ಬಂದಿದೆ. ಇಷ್ಟು ಕಡಿಮೆಗೆ ಇಷ್ಟು ಫಲ ಕೊಡುವ ಬೇರೆ ಮದ್ದು ಇದ್ದರೆ ತೋರಿಸಿ.

ಮಂಜೇಶ್ವರದ ಸೊಸೆ:
ಆ ಇಂಜೆಕ್ಷನ್ ಹೆಸರು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಅತ್ತೆಗೆ ಡೆನೊಸುಮಾಬ್ ಶುರು ಮಾಡಿದ್ದು 2018ರಲ್ಲಿ, ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ. ಹೆಸರು ಬೇಡ. ಒಮ್ಮೆ ಚುಚ್ಚಿದರೆ ಆರು ತಿಂಗಳು ಚಿಂತೆ ಇಲ್ಲ ಅಂದರು. ಚುಚ್ಚುವುದು ನಿಂತರೆ ಎಂತ ಆಗುತ್ತದೆ ಅಂತ ಮಾತ್ರ ಯಾರೂ ಬಾಯಿ ಬಿಡಲಿಲ್ಲ.

2020ರ ಮಾರ್ಚ್ ಕೊನೆಗೆ ಡೋಸ್ ಇತ್ತು. ಕೊರೋನಾ ಅಂತ ಕರ್ನಾಟಕ-ಕೇರಳದ ತಲಪಾಡಿ ಗಡಿ ಮುಚ್ಚಿದ್ದು ನೆನಪಿದೆಯಲ್ಲ? ರಸ್ತೆಗೆ ಮಣ್ಣು ಸುರಿದಿದ್ದರು. ನಮ್ಮ ಕಡೆಯವರಿಗೆ ಏನಾದರೂ ಮಂಗಳೂರೇ ಗತಿ. ಆಂಬುಲೆನ್ಸನ್ನೇ ಬಿಡದ ಸಮಯದಲ್ಲಿ ಇಂಜೆಕ್ಷನ್ನಿಗೆ ಯಾರು ಬಿಡುತ್ತಾರೆ? ಆಸ್ಪತ್ರೆಗೆ ಫೋನ್ ಮಾಡಿದರೆ "ಸ್ವಲ್ಪ ತಡ ಆದರೆ ಪರವಾಗಿಲ್ಲಮ್ಮ, ವಿಟಮಿನ್ ತರಹದ್ದೇ" ಅಂದರು. ಆಮೇಲೆ ಮಳೆಗಾಲ ಬಂತು. ಅತ್ತೆ ಬಾವಿಕಟ್ಟೆಯಿಂದ ಕೊಡಪಾನ ಎತ್ತಿದ್ದಷ್ಟೇ, ಬೆನ್ನು ಹಿಡಿದು ಅಲ್ಲೇ ಕೂತರು. ಗಡಿ ದಾಟಿ ಎಂಆರ್‌ಐ ಮಾಡಿಸುವ ಹೊತ್ತಿಗೆ ಮೂರು ಮಣಿಗಳು ಕುಸಿದಿದ್ದವು. ಒಂದಲ್ಲ, ಮೂರು.

ಎಂಆರ್‌ಐಗೆ 7,500. ಬೆನ್ನಿಗೆ ಕಟ್ಟುವ ಬೆಲ್ಟ್ 3,200. ಸೈಜ್ ಸಣ್ಣದಾಯಿತು, ವಾಪಸ್ ತೆಗೆದುಕೊಳ್ಳಲಿಲ್ಲ, ಇನ್ನೊಂದಕ್ಕೆ ಪುನಃ 3,400. ಎತ್ತಿ ಇಳಿಸುವ ಮಂಚ ಬಾಡಿಗೆಗೆ ತಂದದ್ದು ತಿಂಗಳಿಗೆ 2,500. ನೋಡಿಕೊಳ್ಳುವ ಹೆಂಗಸಿಗೆ ದಿನಕ್ಕೆ 700, ಊಟ ಬೇರೆ. ಅವಳು ಓಣಂಗೆ ಊರಿಗೆ ಹೋದವಳು ಬರಲೇ ಇಲ್ಲ.

ಆಮೇಲೆ ಬೇರೆ ಡಾಕ್ಟ್ರು ಬಿಡಿಸಿ ಹೇಳಿದರು. ಎಲುಬನ್ನು ಕರಗಿಸುವ ಕೋಶಗಳನ್ನು ಈ ಮದ್ದು ತಡೆದು ಹಿಡಿದಿರುತ್ತದೆ. ಅಲೆಂಡ್ರೊನೇಟ್ ತರಹ ಎಲುಬಲ್ಲಿ ಕೂರುವುದಿಲ್ಲ. ಪರಿಣಾಮ ಇಳಿದ ಕೂಡಲೇ ಆ ಕೋಶಗಳು ಒಟ್ಟಿಗೆ ಎದ್ದು, ಗಳಿಸಿದ್ದನ್ನೆಲ್ಲ ತಿಂದು ಹಾಕುತ್ತವೆ. ಹಿಂದಿನ ಡೋಸ್ ಕೊಟ್ಟು ಏಳು ತಿಂಗಳು ದಾಟಬಾರದಂತೆ. ನಿಲ್ಲಿಸಲೇಬೇಕಾದರೆ ಬೇರೆ ಮದ್ದು ಕೊಟ್ಟೇ ನಿಲ್ಲಿಸಬೇಕಂತೆ. ಮೊದಲ ದಿನವೇ ಈ ಮಾತು ಹೇಳಿದ್ದರೆ ನಾವು ಕಾಸರಗೋಡಿನಲ್ಲೋ ಕಣ್ಣೂರಿನಲ್ಲೋ ಹೇಗಾದರೂ ಮದ್ದು ತರಿಸುತ್ತಿದ್ದೆವು. ಅತ್ತೆ ಈಗ ಗಿಡ್ಡ ಆಗಿದ್ದಾರೆ. ಹಳೆ ಸೀರೆ ಎಷ್ಟು ಮೇಲೆ ಸಿಕ್ಕಿಸಿದರೂ ನೆಲಕ್ಕೆ ತಾಗುತ್ತದೆ.

ಶಿರ್ವದ ರೀಟಾಳ ಮಗ:
ಅಕ್ಕ, ನಿಮ್ಮ ಕಷ್ಟ ಗೊತ್ತಾಗುತ್ತದೆ. ಆದರೆ ಮದ್ದಿಗೆ ಬೈದರೆ ಹೇಗೆ? ನಮ್ಮ ಮಮ್ಮಿಗೆ ಅದೇ ಇಂಜೆಕ್ಷನ್ ವರ್ಷಗಳಿಂದ ನಡೆಯುತ್ತಿದೆ, ಒಂದು ಎಲುಬೂ ಮುರಿದಿಲ್ಲ. ಮಮ್ಮಿಯ ಕಿಡ್ನಿ ಅಷ್ಟಕ್ಕಷ್ಟೆ. ಕಿಡ್ನಿ ಸೋಸುವ ಲೆಕ್ಕ 35ಕ್ಕಿಂತ ಕೆಳಗೆ ಹೋದವರಿಗೆ ಡ್ರಿಪ್ ಕೊಡುವ ಹಾಗೇ ಇಲ್ಲ. ಹಾಗಾದರೆ ನಾವು ಎಂತ ಮಾಡಬೇಕಿತ್ತು, ಸುಮ್ನೆ ಕೂರಬೇಕಿತ್ತಾ? 2009ರಲ್ಲಿ ಬಂದ ಫ್ರೀಡಮ್ ಅಧ್ಯಯನ ನೋಡಿ. 7,800ಕ್ಕೂ ಜಾಸ್ತಿ ಹೆಂಗಸರು, ಮೂರು ವರ್ಷ. ಬೆನ್ನೆಲುಬಿನ ಮುರಿತ ನೂರಕ್ಕೆ 68ರಷ್ಟು ಕಡಿಮೆ, ಸೊಂಟದ್ದು 40ರಷ್ಟು.

ನಮಗೆ ಒಂದು ಡೋಸಿಗೆ 9,800 ಬೀಳುತ್ತದೆ. ಮೊದಲು ಇದಕ್ಕಿಂತ ಜಾಸ್ತಿ ಇತ್ತು. ಇನ್ಶೂರೆನ್ಸ್‌ನವರು ಒಂದು ಪೈಸೆ ಕೊಡಲಿಲ್ಲ, 24 ಗಂಟೆ ಅಡ್ಮಿಟ್ ಆಗಿಲ್ಲವಂತೆ. ಪ್ರತಿ ಸಲ ಮೊದಲು ರಕ್ತದ ಕ್ಯಾಲ್ಸಿಯಂ ನೋಡಬೇಕು. ಕಿಡ್ನಿ ತೀರಾ ಹಾಳಾದವರಿಗೆ ಈ ಮದ್ದಿನಿಂದ ಕ್ಯಾಲ್ಸಿಯಂ ಧಡಕ್ಕನೆ ಇಳಿಯುತ್ತದೆ ಅಂತ 2024ರಲ್ಲಿ ಅಮೆರಿಕದ ಔಷಧ ಇಲಾಖೆ ದೊಡ್ಡ ಎಚ್ಚರಿಕೆಯನ್ನೇ ಹಾಕಿದೆ. ಆ ರಕ್ತ ಪರೀಕ್ಷೆಗೂ 350 ರೂಪಾಯಿ ಪ್ರತಿ ಸಲ. ನನ್ನ ಫೋನಲ್ಲಿ, ಕುವೈತಿನಲ್ಲಿರುವ ಅಣ್ಣನ ಫೋನಲ್ಲಿ, ತಂಗಿಯ ಫೋನಲ್ಲಿ ಅಲಾರಂ ಇಟ್ಟಿದ್ದೇವೆ. ತಪ್ಪುವ ಪ್ರಶ್ನೆಯೇ ಇಲ್ಲ.

ಮಂಜೇಶ್ವರದ ಸೊಸೆ:
ಅಲಾರಂ ಹೊಡೆದರೆ ಗಡಿ ತೆರೆಯುತ್ತದಾ?

ಅಂಬಲಪಾಡಿ ಮಗಳು:
ಅಯ್ಯೋ ಜಗಳ ಬೇಡ. ಹಲ್ಲಿನ ವಿಷಯ ಯಾರಾದರೂ ಹೇಳುತ್ತೀರಾ?

ಕಾರ್ಕಳ ತೋಟದಮನೆ:
ಇಷ್ಟೆಲ್ಲ ಓದಿ ನಗು ಬಂತು. ನನ್ನ ಅಜ್ಜ ಎಂಬತ್ತು ದಾಟಿದ ಮೇಲೂ ಅಡಿಕೆ ಮರ ಹತ್ತುತ್ತಿದ್ದರು. ಯಾವ ಸ್ಕೋರು, ಯಾವ ಡ್ರಿಪ್ಪು? ಕುಚ್ಚಲಕ್ಕಿ ಗಂಜಿ, ಹುರುಳಿ, ನುಗ್ಗೆ ಸೊಪ್ಪು. ಊಟ ಆದ ಮೇಲೆ ಎಲೆಯಡಿಕೆಗೆ ಸುಣ್ಣ, ಅದೇ ಕ್ಯಾಲ್ಸಿಯಂ. ಈಗಿನವರು ಕಂಪೆನಿಯವರು ಹೇಳಿದ್ದನ್ನೆಲ್ಲ ನಂಬುತ್ತಾರೆ.

ವಿಟಮಿನ್ ಡಿ ಕಥೆಯೂ ಅಷ್ಟೆ. ಅಮೆರಿಕದಲ್ಲೇ ವೈಟಲ್ ಅಂತ ಒಂದು ಪರೀಕ್ಷೆ ಮಾಡಿದರು. 25,871 ಜನ. ಅರ್ಧ ಜನಕ್ಕೆ ದಿನಕ್ಕೆ 2,000 ಯೂನಿಟ್ ವಿಟಮಿನ್ ಡಿ, ಉಳಿದವರಿಗೆ ಬರೀ ಸುಳ್ಳು ಮಾತ್ರೆ. ಐದು ವರ್ಷ ನೋಡಿದರು. 2022ರಲ್ಲಿ ಫಲಿತಾಂಶ ಬಂತು: ಎಲುಬು ಮುರಿತದಲ್ಲಿ ಎಂತ ವ್ಯತ್ಯಾಸವೂ ಇಲ್ಲ. ಇದನ್ನು ನಿಮ್ಮ ಡಾಕ್ಟ್ರು ಹೇಳಿದ್ದಾರಾ? ಹೇಳುವುದಿಲ್ಲ. ಇನ್ನು ಎಲುಬು ಮುರಿದರೆ ನಮ್ಮ ಜಿಲ್ಲೆಯದ್ದೇ ಪುತ್ತೂರು ಕಟ್ಟು ಉಂಟು, ದೇಶದಲ್ಲೆಲ್ಲ ಹೆಸರು.

ಸ್ಕ್ಯಾನ್ ರೂಮ್ ಅಕ್ಕ:
ಸರ್, ಆ ಪುತ್ತೂರು ನಮ್ಮ ಪುತ್ತೂರಲ್ಲ. ಅದು ಆಂಧ್ರದಲ್ಲಿ, ತಿರುಪತಿ ಹತ್ತಿರ. ನಮ್ಮ ಪುತ್ತೂರು ಬಸ್‌ಸ್ಟ್ಯಾಂಡಲ್ಲಿ ಇಳಿದು "ಕಟ್ಟು ಎಲ್ಲಿ" ಅಂತ ಕೇಳಿದವರನ್ನು ನಾನೇ ನೋಡಿದ್ದೇನೆ.

ಸುಣ್ಣದ ಜೊತೆ ತಿನ್ನುವ ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಹಾಕಿದೆ. ಎಲುಬು ಉಳಿಸಲು ಬಾಯಿ ಕಳೆದುಕೊಳ್ಳಬೇಕಾ?

ನಾನು ಡೆಕ್ಸಾ ಮೆಷಿನ್ ಪಕ್ಕ ವರ್ಷಗಟ್ಟಲೆ ನಿಂತವಳು. ಸ್ಕೋರ್ ಇಷ್ಟು ಏರಿತು, ಅಷ್ಟು ಇಳಿಯಿತು ಅಂತ ಬರೆಯುವವರಿಗೆ ಒಂದು ಮಾತು. ಒಂದು ಕಡೆ ಒಂದು ಮೆಷಿನಿನಲ್ಲಿ ಮಾಡಿಸಿ, ಮುಂದಿನ ಸಲ ಬೇರೆ ಕಡೆ 500 ರೂಪಾಯಿ ಕಡಿಮೆ ಅಂತ ಹೋದರೆ ಎರಡು ವರದಿಗಳನ್ನು ಹೋಲಿಸುವುದಕ್ಕೇ ಆಗುವುದಿಲ್ಲ. ಅದೇ ಮೆಷಿನ್ ಇರಬೇಕು, ಆಗುವುದಾದರೆ ಅದೇ ಕೈ. ಬೆನ್ನೆಲುಬಿನಲ್ಲಿ ಸವೆತದಿಂದ ಮುಳ್ಳು ಬೆಳೆದವರಿಗೆ ಅಲ್ಲಿನ ಸ್ಕೋರ್ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಅದನ್ನು ನೋಡಿ ಖುಷಿಪಟ್ಟವರು ತುಂಬ ಜನ. ಕದ್ರಿ ಸರ್, ನಿಮ್ಮ ಮನೆಯವರದ್ದು ಬೆನ್ನಿನ ಸ್ಕೋರಾ, ಸೊಂಟದ್ದಾ?

ಹಾಲ್‌ಗಳಲ್ಲಿ ಫ್ರೀ ಕ್ಯಾಂಪ್ ಅಂತ ಹಿಮ್ಮಡಿಗೆ ಜೆಲ್ ಹಚ್ಚಿ ನೋಡುವುದು ಡೆಕ್ಸಾ ಅಲ್ಲ. ಅದು ಅಲ್ಟ್ರಾಸೌಂಡ್. ಅದರ ಚೀಟಿ ಹಿಡಿದು ಅಳುತ್ತಾ ಬರುವ ಅಮ್ಮಂದಿರನ್ನು ಸಮಾಧಾನ ಮಾಡಿ ನನಗೆ ಸಾಕಾಗಿದೆ. ಕ್ಯಾಂಪಿನ ಬಾಗಿಲಲ್ಲೇ ಪ್ರೋಟೀನ್ ಪೌಡರ್ ಡಬ್ಬಿ ಮಾರುವವರು ಕೂತಿರುತ್ತಾರೆ, 1,250 ರೂಪಾಯಿಗೆ.

ಕದ್ರಿ ರಿಟೈರ್ಡ್:
ಬೆನ್ನಿನದ್ದು. ಅದರಲ್ಲಿ ಎಂತ ತಪ್ಪು? ಅದೇ ಮೆಷಿನ್, ರಶೀದಿ ಉಂಟು ನನ್ನ ಹತ್ರ.

ಕಾರ್ಕಳ ತೋಟದಮನೆ:
ಅಡಿಕೆ ವಿಷಯಕ್ಕೆ ಬರಬೇಡಿ ಅಕ್ಕ. ಎಲೆಚುಕ್ಕಿ ರೋಗ, ಹಳದಿ ರೋಗ, ಕೊಳೆರೋಗ, ಔಷಧಿ ಬಿಡುವವನಿಗೆ ದಿನಕ್ಕೆ ಸಾವಿರ ಮೇಲೆ. ನಮ್ಮ ಕಷ್ಟ ನಮಗೇ ಗೊತ್ತು. ಗುಟ್ಕಾ ಮಾಡುವವರನ್ನು ಬಿಟ್ಟು ಎಲ್ಲರೂ ಬೆಳೆಗಾರನ ಮೇಲೆ ಬೀಳುತ್ತಾರೆ. ಅಜ್ಜನಿಗೆ ಕ್ಯಾನ್ಸರ್ ಬರಲಿಲ್ಲ. ಈಗ ಹೇಳಿ.

ಮಣಿಪಾಲ ಪಿಎಚ್‌ಡಿ:
ಒಬ್ಬ ಅಜ್ಜನಿಂದ ಸಂಶೋಧನೆ ಆಗುವುದಿಲ್ಲ ಸರ್. ವೈಟಲ್ ಪರೀಕ್ಷೆಯನ್ನೂ ನೀವು ಅರ್ಧ ಓದಿದ್ದೀರಿ. ಅದಕ್ಕೆ ಸೇರಿಸಿಕೊಂಡದ್ದು ವಿಟಮಿನ್ ಡಿ ಕೊರತೆ ಇದ್ದವರನ್ನು ಆರಿಸಿ ಅಲ್ಲ, ಎಲುಬು ಸವೆದವರನ್ನು ಆರಿಸಿಯೂ ಅಲ್ಲ. ಹೆಚ್ಚುಕಡಿಮೆ ಆರೋಗ್ಯವಾಗಿದ್ದವರನ್ನು. ಹೊಟ್ಟೆ ತುಂಬಿದವನಿಗೆ ಇನ್ನೊಂದು ತುತ್ತು ಬೇಡ ಅಂದರೆ, ಹಸಿದವನಿಗೂ ಬೇಡ ಅಂತ ಅರ್ಥ ಅಲ್ಲ. ಡ್ರಿಪ್ ಕೊಡುವ ಮೊದಲು ಕೊರತೆ ಇದ್ದರೆ ತುಂಬಿಸಲೇಬೇಕು. ಇಲ್ಲವಾದರೆ ರಕ್ತದ ಕ್ಯಾಲ್ಸಿಯಂ ಬೀಳುತ್ತದೆ.

ಆದರೆ ಟಿ-ಸ್ಕೋರ್ ಬಗ್ಗೆ ನನ್ನದೂ ಒಂದು ತಕರಾರು ಇದೆ. ಮೈನಸ್ 2.5ಕ್ಕೆ ಇಳಿದರೆ ಎಲುಬು ಸವೆತ ಅನ್ನುವ ಗೆರೆ 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಳೆದದ್ದು. ಸೊಂಟಕ್ಕೆ ಅಳತೆಗೋಲು ಯಾರು ಅಂದರೆ ಅಮೆರಿಕದ 20ರಿಂದ 29 ವಯಸ್ಸಿನ ಬಿಳಿ ಹೆಂಗಸರು. ನಮ್ಮ ಅಮ್ಮಂದಿರ ಎಲುಬಿನ ಗಾತ್ರವೇ ಸಣ್ಣದು, ಡೆಕ್ಸಾ ಅಳೆಯುವುದು ಚಪ್ಪಟೆ ಚಿತ್ರವನ್ನು. ಸಣ್ಣ ಎಲುಬು ತೆಳು ಎಲುಬಿನ ಹಾಗೆ ಕಾಣುತ್ತದೆ. ಈ ಲೆಕ್ಕದಲ್ಲಿ ನಮ್ಮಲ್ಲಿ ಎಷ್ಟೋ ಜನರಿಗೆ ಇಲ್ಲದ ಕಾಯಿಲೆಯ ಹಣೆಪಟ್ಟಿ ಬೀಳುತ್ತದೆ ಅಂತ ನನ್ನ ಅನುಮಾನ.

ಸ್ಕ್ಯಾನ್ ರೂಮ್ ಅಕ್ಕ:
ತಮ್ಮಾ, ಈ ಹುಡುಗಿಯ ಅಮ್ಮನ ಮಣಿಕಟ್ಟು ಆಗಲೇ ಮುರಿದಿದೆ. ನಿಂತಲ್ಲಿಂದ ಬಿದ್ದು ಮುರಿದರೆ ಆ ಎಲುಬು ಗಟ್ಟಿ ಇಲ್ಲ ಅಂತಲೇ ಲೆಕ್ಕ. ಆ ಮುರಿತ ಅಮೆರಿಕದ ಹೆಂಗಸರನ್ನು ಕೇಳಿ ಆದದ್ದಾ? ಥೀಸಿಸ್ ಬರೆಯುವಾಗ ಈ ತಕರಾರು ಹಾಕು, ಕಾಯಿಲೆಯವರ ಎದುರು ಬೇಡ.

ಮಣಿಪಾಲ ಪಿಎಚ್‌ಡಿ:
ನಾನು ಮದ್ದು ಬೇಡ ಅಂತ ಎಲ್ಲಿ ಹೇಳಿದೆ? ಓದದೆ ಉತ್ತರ ಕೊಡಬೇಡಿ. ಡ್ರಿಪ್ ಬಗ್ಗೆ ನ್ಯೂಜಿಲೆಂಡಿನಲ್ಲಿ 2018ರಲ್ಲಿ ಬಂದ ಕೆಲಸವಂತೂ ಅದ್ಭುತ. ಟಿ-ಸ್ಕೋರ್ ಮೈನಸ್ 2.5ರವರೆಗೆ ಹೋಗದೆ ನಡುವಲ್ಲೇ ಇದ್ದ, 65 ದಾಟಿದ 2,000 ಹೆಂಗಸರಿಗೆ ಒಂದೂವರೆ ವರ್ಷಕ್ಕೊಮ್ಮೆ ಡ್ರಿಪ್ ಹಾಕಿ ಆರು ವರ್ಷ ನೋಡಿದರು. ಮುರಿತ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕಡಿಮೆ ಆಯಿತು. ಗೆರೆಯ ಈಚೆ ಇದ್ದವರೂ ಮುರಿದುಕೊಳ್ಳುತ್ತಾರೆ ಅಂತ ಅದರಿಂದಲೇ ಗೊತ್ತಾಗುವುದು. ನಾನು ಹೇಳುತ್ತಿರುವುದೂ ಅದನ್ನೇ. ಆ ಗೆರೆ ದೇವರು ಎಳೆದದ್ದಲ್ಲ.

ಉಳ್ಳಾಲ ಆಟೋ:
ಎಲ್ಲರೂ ಹೆಂಗಸರು ಹೆಂಗಸರು ಅಂತೀರಿ. ನಾನು ಗಂಡಸು, 49 ವಯಸ್ಸಿಗೆ ಬೆನ್ನು ಮುರಿದುಕೊಂಡವನು. ಉಬ್ಬಸಕ್ಕೆ ವರ್ಷಗಟ್ಟಲೆ ಸ್ಟಿರಾಯ್ಡ್ ಮಾತ್ರೆ ನುಂಗಿದ್ದೆ. ಮೆಡಿಕಲ್‌ನಲ್ಲಿ ಹಳೆ ಚೀಟಿ ತೋರಿಸಿದರೆ ಕೊಡುತ್ತಿದ್ದರು. ಅದು ಎಲುಬು ತಿನ್ನುತ್ತದೆ ಅಂತ ಗೊತ್ತಿರಲಿಲ್ಲ. ತೊಕ್ಕೊಟ್ಟಿನ ಒಂದು ಹೊಂಡಕ್ಕೆ ರಿಕ್ಷಾ ಬಿತ್ತು, ಬೆನ್ನಿನ ಎರಡು ಮಣಿ ಹೋಯಿತು. ಗಂಡಸರಿಗೆ ಈ ಕಾಯಿಲೆ ಬರುವುದಿಲ್ಲ ಅಂತ ಮೊದಲು ನೋಡಿದ ಡಾಕ್ಟ್ರು ನೋವಿನ ಗುಳಿಗೆ ಕೊಟ್ಟು ಕಳಿಸಿದರು.

ನನಗೆ ಕೊಟ್ಟದ್ದು ಟೆರಿಪ್ಯಾರಟೈಡ್. ಉಳಿದ ಮದ್ದುಗಳು ಎಲುಬು ಕರಗುವುದನ್ನು ತಡೆಯುತ್ತವೆ, ಇದು ಹೊಸ ಎಲುಬು ಕಟ್ಟುತ್ತದೆ. ದಿನಾ ಹೊಟ್ಟೆಗೆ 20 ಮೈಕ್ರೋಗ್ರಾಂ ಚುಚ್ಚಿಕೊಳ್ಳಬೇಕು. ಒಂದು ಪೆನ್ 28 ದಿನ ಬರುತ್ತದೆ, 5,600 ರೂಪಾಯಿ. ಸೂಜಿ ಬೇರೆ. ಹೆಂಡತಿಯ ಬಳೆ ಸೊಸೈಟಿಯಲ್ಲಿ ಅಡವಿಟ್ಟೆ. ಬಡ್ಡಿ ಕಟ್ಟಲು ಆಗದೆ ಇನ್ನೊಂದು ಬಳೆಯೂ ಹೋಯಿತು.

ಇನ್ನು ಫ್ರಿಜ್ಜಿನ ಕಥೆ ಕೇಳಿ. ಪೆನ್ ತಣ್ಣಗಿರಬೇಕು, ಆದರೆ ಹೆಪ್ಪುಗಟ್ಟಬಾರದು. ಮಳೆಗಾಲದಲ್ಲಿ ಗಾಳಿ ಬಂದರೆ ನಮ್ಮ ಕಡೆ ಕರೆಂಟು ರಾತ್ರಿ ಇಡೀ ಇಲ್ಲ. ಇನ್ವರ್ಟರ್ ಇರುವ ಪಕ್ಕದ ಮನೆಯವರಿಗೆ ಕೊಟ್ಟರೆ ಅವರು ಮೀನಿನ ಜೊತೆ ಫ್ರೀಜರಿನಲ್ಲಿ ಇಟ್ಟರು. ಕಲ್ಲಾಯಿತು. 5,600 ಹೋಯಿತು! ಅವರ ಹತ್ರ ಕೇಳುವ ಹಾಗೂ ಇಲ್ಲ, ಉಪಕಾರಕ್ಕೆ ಇಟ್ಟದ್ದಲ್ವಾ. ಉಮ್ಮ ಅವತ್ತು ಊಟ ಮಾಡಲಿಲ್ಲ.

ಇದನ್ನು ಸಾಮಾನ್ಯವಾಗಿ ಎರಡು ವರ್ಷಕ್ಕಿಂತ ಜಾಸ್ತಿ ಕೊಡುವುದಿಲ್ಲ. ಮುಗಿದ ಮೇಲೆ ಸುಮ್ನೆ ಬಿಟ್ಟರೆ ಕಟ್ಟಿದ ಎಲುಬು ಪುನಃ ಹೋಗುತ್ತದೆ. ಹಾಗಾಗಿ ಡ್ರಿಪ್ ಹಾಕಿಸಿದೆ. ಈಗ ರಿಕ್ಷಾ ಓಡಿಸುತ್ತಿದ್ದೇನೆ. ತೋಟದಮನೆಯವರೇ, ನಾನು ಗಂಜಿ ಕುಡಿದೇ ದೊಡ್ಡವನಾದದ್ದು.

ಕಾರ್ಕಳ ತೋಟದಮನೆ:
ಸ್ಟಿರಾಯ್ಡ್ ಕೊಟ್ಟದ್ದು ಯಾರು? ಇಂಗ್ಲಿಷ್ ಮದ್ದಿನವರೇ ಅಲ್ವಾ. ಮೊದಲು ಹಾಳು ಮಾಡುವುದು, ಆಮೇಲೆ ಸರಿ ಮಾಡಲು ದುಡ್ಡು ಕೇಳುವುದು.

ಉಳ್ಳಾಲ ಆಟೋ:
ಉಸಿರು ಕಟ್ಟಿದ ರಾತ್ರಿ ನಿಮ್ಮ ಮನೆಗೆ ಬರುತ್ತೇನೆ, ಹುರುಳಿ ಸಾರು ಕೊಡಿ.

ಬಿಜೈ ಜಿಮ್ ಆಂಟಿ:
ಯಾರೂ ವ್ಯಾಯಾಮದ ಮಾತೇ ಎತ್ತಲಿಲ್ಲ. ನನಗೆ 59, ಸ್ಕೋರ್ ಮೈನಸ್ 2.1. ವಾಕಿಂಗ್ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಕದ್ರಿ ಪಾರ್ಕಿನಲ್ಲಿ ಹರಟೆ ಹೊಡೆಯುತ್ತಾ ನಡೆದರೆ ಎಲುಬಿಗೆ ಭಾರ ಎಲ್ಲಿ ಬೀಳುತ್ತದೆ? ಆಸ್ಟ್ರೇಲಿಯಾದಲ್ಲಿ ಲಿಫ್ಟ್‌ಮೋರ್ ಅಂತ ಪರೀಕ್ಷೆ ಮಾಡಿದ್ದಾರೆ. ಎಲುಬು ಸವೆದ, ಮುಟ್ಟು ನಿಂತ ಹೆಂಗಸರಿಂದ ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ, ಎಂಟು ತಿಂಗಳು ಭಾರ ಎತ್ತಿಸಿದರು. ಬೆನ್ನೆಲುಬಿನ ಸಾಂದ್ರತೆ ನೂರಕ್ಕೆ 2.9ರಷ್ಟು ಏರಿತು. ಮನೆಯಲ್ಲಿ ಹಗುರದ ವ್ಯಾಯಾಮ ಮಾಡಿದವರದ್ದು ಇಳಿಯಿತು. ಪಕ್ಕದಲ್ಲಿ ತಿಳಿದ ಕೋಚ್ ನಿಂತೇ ಇದ್ದರು, ಅದು ಮುಖ್ಯ.

ನಾನು ಸೇರಿದ ಜಿಮ್ಮಿನಲ್ಲಿ ಎಲ್ಲ ಕಾಲೇಜು ಹುಡುಗರು. ಚೂಡಿದಾರದಲ್ಲಿ ಬಾರ್ ಎತ್ತಿದರೆ ವಿಡಿಯೋ ಮಾಡುತ್ತಾರೆ. ವರ್ಷದ ಫೀಸ್ 14,000, ಕೋಚ್‌ಗೆ ತಿಂಗಳಿಗೆ 4,000. "ಈ ವಯಸ್ಸಲ್ಲಿ ನಾಚಿಕೆ ಆಗುವುದಿಲ್ವಾ" ಅಂತ ನಾದಿನಿ ಕೇಳಿದಳು. ಅವಳ ಸೊಂಟ ಮುರಿದು ರಾಡ್ ಹಾಕಿದ ದಿನ ಆಸ್ಪತ್ರೆಗೆ ಹಣ್ಣು ತೆಗೆದುಕೊಂಡು ಹೋದವಳು ನಾನೇ. ಏನೂ ಹೇಳಲಿಲ್ಲ.

ಸ್ಕ್ಯಾನ್ ರೂಮ್ ಅಕ್ಕ:
ಮುರಿದ ಎಲುಬಿನವರು ಇದನ್ನು ಓದಿ ಜಿಮ್ಮಿಗೆ ಓಡಬೇಡಿ ದಯವಿಟ್ಟು.

ಬಿಜೈ ಜಿಮ್ ಆಂಟಿ:
ನಾನು ನನ್ನ ಅನುಭವ ಹೇಳಿದೆ. ಇಲ್ಲಿ ಕೇಳಿದ್ದೂ ಅದನ್ನೇ.

ಮಲ್ಪೆ ಬೂತಾಯಿ:
ನಮ್ಮ ದೊಡ್ಡಮ್ಮನಿಗೆ ಮದ್ದಿನಿಂದಲ್ಲ, ಸಾಚೆಟ್ಟಿನಿಂದ ತೊಂದರೆ ಆಯಿತು. 60,000 ಯೂನಿಟ್ಟಿನ ವಿಟಮಿನ್ ಡಿ ಪುಡಿ, ಹಾಲಿಗೆ ಹಾಕಿ ಕುಡಿಯುವುದು. ಎಂಟು ವಾರಕ್ಕೆ ಬರೆದಿದ್ದರು. ಗಂಟು ನೋವು ಕಡಿಮೆ ಆಯಿತು ಅಂತ ಅವರು ವಾರವಾರವೂ ತರಿಸಿ ಕುಡಿದರು, ಯಾರೂ ಬೇಡ ಅನ್ನಲಿಲ್ಲ. ಎರಡು ವರ್ಷ ಹಾಗೇ ನಡೆಯಿತು. ಕೊನೆಗೆ ವಾಂತಿ, ಮಲಬದ್ಧತೆ, ಮಾತು ತೊದಲಿತು. ಪಾರ್ಶ್ವವಾಯು ಅಂತ ಹೆದರಿ ಓಡಿದೆವು. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಬಿದ್ದಿತ್ತು. ಐಸಿಯು, ಡ್ರಿಪ್ಪು, 86,000 ಬಿಲ್ಲು. ಪುಡಿಗೆ ಒಂದಕ್ಕೆ 30 ರೂಪಾಯಿ.

ಕ್ಯಾಲ್ಸಿಯಂ ಬೇಕಾದರೆ ಸಣ್ಣ ಮೀನನ್ನು ಮುಳ್ಳು ಸಮೇತ ತಿನ್ನಿ. ಜೂನ್, ಜುಲೈಯಲ್ಲಿ ಬೋಟು ಇಳಿಯುವುದಿಲ್ಲ, ಆಗ ಒಣಮೀನು ಉಂಟು.

ಕದ್ರಿ ರಿಟೈರ್ಡ್:
ನಾವು ಮೀನು ತಿನ್ನುವುದಿಲ್ಲ. ಎಲ್ಲರಿಗೂ ಒಂದೇ ಸಲಹೆ ಕೊಡಬಾರದು. ರಾಗಿಯಲ್ಲಿ 100 ಗ್ರಾಂಗೆ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಉಂಟು.

ಮಲ್ಪೆ ಬೂತಾಯಿ:
ತಿನ್ನದಿದ್ದರೆ ಬಿಡಿ ಸರ್, ಬಾಯಿಗೆ ತುರುಕಿದವರು ಯಾರು? 19,000 ರೂಪಾಯಿ ಕ್ಯಾಲ್ಸಿಯಂ ನುಂಗಿಸಿದವರು ನೀವು, ಆಗ ರಾಗಿ ಎಲ್ಲಿತ್ತು?

ಸುರತ್ಕಲ್ ಅಕ್ಕ:
ಇಷ್ಟು ಉದ್ದ ಓದಿದೆ, ಆ ಹುಡುಗಿ ಕೇಳಿದ್ದಕ್ಕೆ ಉತ್ತರ ಮಾತ್ರ ಕಾಣಲಿಲ್ಲ. ನಾನೇ ಡ್ರಿಪ್ ಹಾಕಿಸಿಕೊಂಡವಳು, ಹೇಳುತ್ತೇನೆ.

ಮದ್ದಿನ ಬಾಟಲಿ ಮೇಲೆ 14,500 ಬೆಲೆ ಇತ್ತು. ಎದುರಿನ ಅಂಗಡಿಯಲ್ಲಿ ಅದೇ 5 ಮಿಲಿಗ್ರಾಂ ಬೇರೆ ಕಂಪೆನಿಯದ್ದು 3,900. ಆಸ್ಪತ್ರೆಯವರು ಹೊರಗಿನ ಮದ್ದು ಹಾಕುವುದಿಲ್ಲ ಅಂದರು. ಕಾರಣ ಬರೆದು ಕೊಡಿ ಅಂದ ಮೇಲೆ ಹಾಕಿದರು. ಬೆಡ್ ಚಾರ್ಜ್ 1,800, ನರ್ಸಿಂಗ್ 600, ಹತ್ತಿ-ಸೂಜಿಗೆ 740. ಹತ್ತಿ ಚಿನ್ನದ್ದಾ ಅಂತ ಕೇಳಿದೆ. ಡ್ರಿಪ್ ಹಾಕಿದ್ದು ಅರ್ಧ ಗಂಟೆ, ಬಿಲ್ಲಿಗೆ ಕಾದದ್ದು ಎರಡು ಗಂಟೆ.

ಮೊದಲ ಸಲ ಹಾಕಿದ ಮರುದಿನ ಜ್ವರ ಬಂತು. ಮೈಕೈ ನೋವು ಅಂದರೆ ಡೆಂಗಿ ಬಂದ ಹಾಗೆ. ಮನೆಯವರು ಹೆದರಿ ಪ್ಲೇಟ್‌ಲೆಟ್ ಟೆಸ್ಟ್ ಮಾಡಿಸಿದರು. ಮೊದಲ ಡ್ರಿಪ್ಪಿಗೆ ತುಂಬ ಜನರಿಗೆ ಹೀಗಾಗುತ್ತದೆ, ಮೂರು ದಿನದೊಳಗೆ ಇಳಿಯುತ್ತದೆ. ಪ್ಯಾರಾಸಿಟಮಾಲ್ ಇಟ್ಟುಕೊಳ್ಳಿ, ನೀರು ಚೆನ್ನಾಗಿ ಕುಡಿಸಿ. ಎರಡನೇ ವರ್ಷ ಏನೂ ಆಗಲಿಲ್ಲ. 2007ರ ಹೊರೈಜನ್ ಅಧ್ಯಯನದಲ್ಲಿ ಮೂರು ವರ್ಷ ಕೊಟ್ಟವರಿಗೆ ಬೆನ್ನೆಲುಬಿನ ಮುರಿತ ನೂರಕ್ಕೆ 70ರಷ್ಟು ಕಡಿಮೆ ಆಗಿತ್ತು, ಸೊಂಟದ್ದು 41ರಷ್ಟು. ಅದು ಓದಿಯೇ ನಾನು ಒಪ್ಪಿದ್ದು.

ಹಲ್ಲಿನ ವಿಷಯ. ಡ್ರಿಪ್ ಆಗಲಿ ಇಂಜೆಕ್ಷನ್ ಆಗಲಿ, ಹಲ್ಲು ಮೊದಲು ಕೀಳಿಸಿ, ವಸಡು ಪೂರ್ತಿ ಮಾಗಿದ ಮೇಲೆ ಶುರು ಮಾಡಿ. ಈ ಮದ್ದು ತೆಗೆದುಕೊಳ್ಳುವಾಗ ಹಲ್ಲು ಕಿತ್ತರೆ ದವಡೆ ಎಲುಬು ಮಾಗದೆ ಕೊಳೆಯುವುದುಂಟು. ಎಲುಬು ಸವೆತಕ್ಕೆ ಕೊಡುವ ಡೋಸಿನಲ್ಲಿ ಅದು ತುಂಬ ಅಪರೂಪ, ಕ್ಯಾನ್ಸರಿಗೆ ಕೊಡುವ ದೊಡ್ಡ ಡೋಸಿನಲ್ಲಿ ಜಾಸ್ತಿ. ಆದರೂ ಶುಗರ್ ಇರುವವರು ಯಾಕೆ ರಿಸ್ಕ್ ತೆಗೆದುಕೊಳ್ಳಬೇಕು? ಅಮ್ಮ ಒಬ್ಬರೇ ಅಂದಿರಲ್ಲ, ಕಿಡ್ನಿ ಸರಿ ಇದ್ದರೆ ವರ್ಷಕ್ಕೊಮ್ಮೆಯದ್ದೇ ಅನುಕೂಲ. ನೀವು ರಜೆಗೆ ಬಂದಾಗ ಹಾಕಿಸಬಹುದು.

ಶಿರ್ವದ ರೀಟಾಳ ಮಗ:
ವರ್ಷಕ್ಕೊಮ್ಮೆಯದ್ದು ಮರೆತು ಹೋಗುವುದಿಲ್ವಾ? ಎಲ್ಲರೂ ಡ್ರಿಪ್ಪನ್ನೇ ಹೊಗಳುತ್ತೀರಿ.

ಸುರತ್ಕಲ್ ಅಕ್ಕ:
ಮರೆತು ಎರಡು ತಿಂಗಳು ತಡ ಆದರೂ ಎಲುಬು ಕುಸಿಯುವುದಿಲ್ಲ. ವ್ಯತ್ಯಾಸ ಇರುವುದೇ ಅಲ್ಲಿ ತಮ್ಮಾ. ನಿಮ್ಮ ಮಮ್ಮಿಗೆ ಕಿಡ್ನಿ ತೊಂದರೆ, ಅವರಿಗೆ ಇಂಜೆಕ್ಷನ್ನೇ ಸರಿ. ಇವರ ಅಮ್ಮನಿಗೆ ಹಾಗಲ್ಲ.

ಅಂಬಲಪಾಡಿ ಮಗಳು:
ತುಂಬ ಉಪಕಾರ ಅಕ್ಕ. ಡಿಸೆಂಬರಿನಲ್ಲಿ ಬರುತ್ತೇನೆ. ಅದರ ಮೊದಲು ಹಲ್ಲು ಕೀಳಿಸಲು ಅಮ್ಮನಿಗೆ ಹೇಳುತ್ತೇನೆ. ಬಚ್ಚಲಿಗೆ ಹಿಡಿಕೆ ಹಾಕಿಸುವವರು ಉಡುಪಿಯಲ್ಲಿ ಯಾರಾದರೂ ಇದ್ದಾರಾ?

ಕಾರ್ಕಳ ತೋಟದಮನೆ:
ಹಿಡಿಕೆ ಹಾಕಿಸಿ, ಅದಕ್ಕೆ ನನ್ನ ವಿರೋಧ ಇಲ್ಲ. ಬಚ್ಚಲಿಗೆ ಈಗ ಹಾಕುವ ನುಣ್ಣನೆ ಟೈಲ್ಸೇ ಎಲ್ಲದಕ್ಕೂ ಮೂಲ. ನಮ್ಮ ಹಳೆ ಮನೆಯಲ್ಲಿ ಒರಟು ಕಲ್ಲು ಹಾಸಿತ್ತು, ಯಾರೂ ಜಾರಿದ್ದಿಲ್ಲ.

ಸ್ಕ್ಯಾನ್ ರೂಮ್ ಅಕ್ಕ:
ಇಷ್ಟು ಹೊತ್ತಿಗೆ ಒಂದು ಸರಿಯಾದ ಮಾತು ಹೇಳಿದಿರಿ.

ಮಂಜೇಶ್ವರದ ಸೊಸೆ:
ಅತ್ತೆಗೆ ಬಾಡಿಗೆ ಮಂಚ ಸಾಕಾಗಿ ಆಮೇಲೆ ಸ್ವಂತದ್ದೇ ತೆಗೆದುಕೊಂಡಿದ್ದೆವು. ಈಗ ಬೇಡ. ಎತ್ತಿ ಇಳಿಸುವ ಮಂಚ, ವಾಕರ್, ಬೆಲ್ಟ್ ಸಣ್ಣ ಸೈಜಿಂದು, ಪ್ಯಾಕ್ ತೆಗೆದದ್ದಷ್ಟೆ. ಮಂಚಕ್ಕೆ 9,000. ಬೆಲ್ಟ್ ಬೇಕಾದವರು ಸುಮ್ನೆ ತೆಗೆದುಕೊಂಡು ಹೋಗಿ.

ಕದ್ರಿ ರಿಟೈರ್ಡ್:
ವಾಕರ್‌ಗೆ ಎಷ್ಟು? ಚಕ್ರ ಇರುವುದಾ, ಇಲ್ಲದ್ದಾ?

ಮಂಜೇಶ್ವರದ ಸೊಸೆ:
ಚಕ್ರ ಇದೆ. 1,200.

ಕದ್ರಿ ರಿಟೈರ್ಡ್:
ಹಂಪನಕಟ್ಟೆಯಲ್ಲಿ ಹೊಸದೇ 1,450ಕ್ಕೆ ಸಿಗುತ್ತದೆ. 800 ಅಂದರೆ ನೋಡಬಹುದು.

ಉಳ್ಳಾಲ ಆಟೋ:
ಮಾತ್ರೆಯಿಂದ ಎಲ್ಲ ಸರಿ ಆಗಿದೆ ಅಂದಿರಲ್ಲ ಸರ್, ವಾಕರ್ ಯಾರಿಗೆ?

ಕದ್ರಿ ರಿಟೈರ್ಡ್:
ನನಗೆ. ಮಂಡಿ. ಅದು ಬೇರೆ ವಿಷಯ.